ಹಲ್ಲಿನ ಡಾಕ್ಟರಮ್ಮನ ಇಟಲಿ ಗಾಡಿ

ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬರು ಎದ್ದು ನಿಂತು, "ಮೇಡಂ ಯಾರ ಮೇಲೂ ದ್ವೇಷ ಇಟ್ಟುಕೊಂಡವರಲ್ಲ. ಎಲ್ಲರನ್ನೂ ಕ್ಷಮಿಸಿಯೇ ಹೋದರು" ಎಂದರು. ಸಭೆ ತಲೆಯಾಡಿಸಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಎದ್ದು ಸುಳ್ಳು ಎಂದು ಕೂಗಬೇಕೆನ್ನಿಸಿತು. ಸತ್ತವರ ಬಗ್ಗೆ ಒಳ್ಳೆಯದನ್ನು ಆಡಬೇಕು, ಒಪ್ಪಿದೆ. ಆದರೆ ಆಡಿದ ಮಾತು ಸತ್ತವರ ಬಗ್ಗೆಯೇ ಇರಬೇಕಲ್ಲ? ಅವರ ಬೆನ್ಸನ್ ಟೌನಿನ ಮನೆಯ ಮಹಡಿಯಲ್ಲಿ ಬಹಳ ವರ್ಷ ಬಾಡಿಗೆಗಿದ್ದವಳು ನಾನು. ಅವರು ಯಾರನ್ನೂ ಕ್ಷಮಿಸಿದ್ದನ್ನು ನಾನು ಕಂಡಿಲ್ಲ. ಕ್ಷಮಿಸಿದ್ದರೆ ಅವರನ್ನು ನಾನು ಇಷ್ಟು ಹಚ್ಚಿಕೊಳ್ಳುತ್ತಲೂ ಇರಲಿಲ್ಲವೇನೋ.

ಒಮ್ಮೆ ಒಬ್ಬ ದರ್ಜಿ ಅವರ ರೇಷ್ಮೆ ರವಿಕೆಯನ್ನು ಕೆಡಿಸಿಬಿಟ್ಟ. ತೋಳು ಒಂದು ಉದ್ದ, ಒಂದು ಗಿಡ್ಡ. ಅವರು ಬೈಯಲಿಲ್ಲ, ವಾಪಸು ಕೊಡಲೂ ಇಲ್ಲ. ಹಬ್ಬದ ಸಮಯದಲ್ಲಿ ಅಂಗಡಿ ತುಂಬ ಗಿರಾಕಿಗಳಿರುವಾಗ ಆ ರವಿಕೆಯನ್ನೇ ತೊಟ್ಟು ಹೋಗಿ ಸುಮ್ಮನೆ ಒಂದು ಮೂಲೆಯಲ್ಲಿ ನಿಲ್ಲುತ್ತಿದ್ದರು. ಯಾರಾದರೂ ಕೇಳಿದರೆ, "ಇವರೇ ಹೊಲಿದದ್ದು" ಎಂದು ಎರಡೂ ತೋಳು ಚಾಚಿ ತೋರಿಸುತ್ತಿದ್ದರು. ದರ್ಜಿ ಕೈಮುಗಿದು ಹೊಸದು ಹೊಲಿದುಕೊಡುತ್ತೇನೆ ಎಂದ. "ಬೇಡಪ್ಪ, ಇದೇ ಚೆನ್ನಾಗಿದೆ" ಎಂದು ಮುಂದಿನ ಹಬ್ಬಕ್ಕೂ ಅದನ್ನೇ ತೊಟ್ಟು ಹೋದರು.

ಅವರು ಹಲ್ಲಿನ ಡಾಕ್ಟರು. ತಂದೆಯಿಂದ ಬಂದ ಮನೆಯ ಮುಂಗೋಣೆಯಲ್ಲೇ ಕ್ಲಿನಿಕ್ಕು. ಮನೆಯೊಳಗೆ ತಮಿಳು, ರೋಗಿಗಳ ಹತ್ತಿರ ಇಂಗ್ಲಿಷು, ಜಗಳಕ್ಕೆ ಮಾತ್ರ ಕನ್ನಡ. "ಇಂಗ್ಲಿಷಲ್ಲಿ ಬೈದ್ರೆ ಬೈದಂಗೇ ಇರಲ್ಲಮ್ಮ" ಎನ್ನುತ್ತಿದ್ದರು. ನನ್ನ ಹತ್ತಿರ ಯಾವಾಗಲೂ ಕನ್ನಡವನ್ನೇ ಆಡುತ್ತಿದ್ದುದರಿಂದ ಬಂದ ಹೊಸತರಲ್ಲಿ ನನ್ನ ಮೇಲೇನೋ ಸಿಟ್ಟಿದೆ ಎಂದುಕೊಂಡಿದ್ದೆ. ಕುಳ್ಳು ಆಳು, ಗಂಡಸರ ಹಾಗೆ ಕತ್ತರಿಸಿದ ಕೂದಲು. ಎಡಗಾಲು ಬಲಗಾಲಿಗಿಂತ ಗಿಡ್ಡ. ನಡೆಯುವಾಗ ಎಡಕ್ಕೆ ವಾಲಿ, ಮತ್ತೆ ನೆಟ್ಟಗಾಗಿ, ಮತ್ತೆ ವಾಲುತ್ತಿದ್ದರು. ಕನಿಕರದಿಂದ ಯಾರಾದರೂ ಕೈ ಹಿಡಿಯಲು ಬಂದರೆ ಆ ಕೈಯನ್ನು ಒಂದು ಕ್ಷಣ ದಿಟ್ಟಿಸಿ ನೋಡುತ್ತಿದ್ದರು. ಕೈ ತಾನಾಗಿ ಹಿಂದೆ ಹೋಗುತ್ತಿತ್ತು.

ಸೇಡಂ ಕಡೆಯಿಂದ ವರ್ಗವಾಗಿ ಶಿವಾಜಿನಗರದ ಕಚೇರಿಗೆ ಬಂದ ನಾನು ಬಾಡಿಗೆ ಕೋಣೆ ಹುಡುಕುತ್ತ ಆ ಮನೆಗೆ ಹೋದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಬಾಗಿಲು ತಟ್ಟಿದರೆ ಉತ್ತರವಿಲ್ಲ. ಹಿತ್ತಲಿನಿಂದ ಲೋಹದ ಸದ್ದು ಕೇಳಿ ಅತ್ತ ಹೋದೆ. ಹಳೆಯ ಕಾರ್ ಶೆಡ್ಡಿನಲ್ಲಿ ಕೆಂಪು ಬಣ್ಣದ, ದನದಷ್ಟು ದಪ್ಪದ ಮೋಟಾರು ಸೈಕಲ್ಲು ಸ್ಟ್ಯಾಂಡಿನ ಮೇಲೆ ನಿಂತಿತ್ತು. ಅದರ ಪಕ್ಕ ಚಾಪೆ ಹಾಸಿಕೊಂಡು ಒಬ್ಬ ಹೆಂಗಸು ಕೂತಿದ್ದರು.

"ಕೋಣೆ ಅದ ಅಂತ ಕೇಳಿ ಬಂದೀನ್ರಿ" ಎಂದೆ.

"ಕೈ ಕ್ಲೀನಾಗಿದೆಯಾ?"

"ಹೌದ್ರಿ."

"ಹಾಗಾದ್ರೆ ಇದನ್ನ ಹಿಡ್ಕೊ. ಅಲ್ಲಾಡಿಸ್ಬೇಡ." ಅಂಗೈಗಾತ್ರದ ಭಾರದ ವಸ್ತುವೊಂದನ್ನು ನನ್ನ ಕೈಗಿಟ್ಟರು. ಹಲ್ಲು ಕೆರೆಯುವ ಕೊಕ್ಕೆಸೂಜಿಯಿಂದ ಅದರ ಸಣ್ಣ ತೂತೊಂದರ ಕೊಳೆ ತೆಗೆಯತೊಡಗಿದರು.

"ಇದೇನ್ರಿ ಇದು?"

"ಕಾರ್ಬುರೇಟರು. ಗಾಡಿ ಗಂಟಲು. ಗಂಟಲು ಕಟ್ಟಿದ್ರೆ ಉಸಿರಾಡಲ್ಲ." ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು. "ಕೈ ನಡುಗ್ತಿಲ್ಲ. ಕೋಣೆ ನಿನಗೇ. ಮೇಲೆ ಹೋಗಿ ನೋಡ್ಕೊ."

ಗಾಡಿ ಅವರ ಗಂಡನದು. ಆ ಗಂಡನಿಗೆ ಬಹುವಚನ ಕೊಡುವ ಮನಸ್ಸು ನನಗಿಲ್ಲ, ಕೊಡುವುದೂ ಇಲ್ಲ. ಅವನು ವಿಮಾನ ಕಂಪನಿಯೊಂದರಲ್ಲಿ ಎಂಜಿನಿಯರು. ಯುರೋಪಿನಲ್ಲಿ ಕೆಲಸ ಮಾಡುತ್ತಿದ್ದಾಗ ಕೊಂಡ ಗಾಡಿಯನ್ನು ಹಡಗಿಗೆ ಹಾಕಿಸಿ ತಂದಿದ್ದ. ಅಂಥದ್ದು ಆಗ ಬೆಂಗಳೂರಿನಲ್ಲಿ ಇನ್ನೊಂದು ಇತ್ತೋ ಇಲ್ಲವೋ. ಎಂಜಿನ್ನಿಗೆ ಎರಡು ಸಿಲಿಂಡರು, ಒಂದು ನೆಟ್ಟಗೆ, ಒಂದು ಮುಂದಕ್ಕೆ ಮಲಗಿದ ಹಾಗೆ. ಗಾಡಿ ನಿಂತಲ್ಲೇ ಎಂಜಿನ್ನು ಓಡುವಾಗ ಅದರ ಕ್ಲಚ್ಚು ತಗಡಿನ ಡಬ್ಬಿಯಲ್ಲಿ ನಟ್ಟು ಬೋಲ್ಟು ಹಾಕಿ ಕುಲುಕಿದ ಹಾಗೆ ಗಲಗಲ ಎನ್ನುತ್ತಿತ್ತು. ಕೆಟ್ಟುಹೋಗಿದೆ ಎಂದು ನಾನು ಹೆದರಿದ್ದೆ. "ಇದರ ಜಾತೀನೇ ಹಾಗೆ. ನೋಡೋಕೆ ಚೆಂದ, ಗಲಾಟೆ ಜಾಸ್ತಿ. ಅವನಿಗೆ ಸರಿಯಾದ ಜೋಡಿ" ಎಂದಿದ್ದರು.

ಒಂದು ಭಾನುವಾರ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹಳೇ ಮದ್ರಾಸು ರಸ್ತೆಯಲ್ಲಿ ಹೋಗುತ್ತಿದ್ದ. ಕೆ.ಆರ್. ಪುರದ ಹತ್ತಿರ ರಸ್ತೆಯಲ್ಲಿ ಚೆಲ್ಲಿದ್ದ ಮರಳಿನ ಮೇಲೆ ಗಾಡಿ ಜಾರಿತು. ಅವನಿಗೆ ಮೊಣಕೈ ತರಚಿತು. ಇವರ ಕಾಲು ಗಾಡಿಯ ಕೆಳಗೆ ಸಿಕ್ಕಿ ಎರಡು ಕಡೆ ಮುರಿಯಿತು. ಅವನು ಎದ್ದವನೇ ಗಾಡಿ ಎತ್ತಿ, ಬದಿಗೆ ನಿಲ್ಲಿಸಿ, ಬಗ್ಗಿ ಬಗ್ಗಿ ನೋಡುತ್ತ ನಿಂತ. ಹೊಸಕೋಟೆ ಕಡೆಯಿಂದ ತರಕಾರಿ ತರುತ್ತಿದ್ದ ಟೆಂಪೋದವರು ಇವರನ್ನು ಕೋಸಿನ ಮೂಟೆಗಳ ಮೇಲೆ ಮಲಗಿಸಿ ಆಸ್ಪತ್ರೆಗೆ ತಂದರು. ಅವನು ಗಾಡಿ ಸಾಗಿಸುವ ವ್ಯವಸ್ಥೆ ಮಾಡಿ ಸಂಜೆಗೆ ಬಂದ.

"ಯಾಕೆ ಹಾಗೆ ಮಾಡ್ದೆ ಅಂತ ಕೇಳ್ದೆ" ಎಂದು ಡಾಕ್ಟರಮ್ಮ ನನಗೆ ಹೇಳಿದ್ದರು. "ಪೆಟ್ರೋಲ್ ಸೋರ್ತಿತ್ತು, ನೋಡ್ಬೇಕಾಗಿತ್ತು ಅಂದ. ನಂದೂ ಸೋರ್ತಿತ್ತು ಕಣಮ್ಮ. ಅದು ಕಾಣ್ಲಿಲ್ಲ."

ಅವರ ಪ್ಲಾಸ್ಟರು ಬಿಚ್ಚುವ ಮೊದಲೇ ಗಾಡಿ ರಿಪೇರಿಯಾಗಿ ಶೆಡ್ಡಿಗೆ ಬಂತು. ಮೂಳೆ ವಕ್ರವಾಗಿ ಕೂಡಿಕೊಂಡು ಮತ್ತೊಂದು ಆಪರೇಷನ್ ಆಗಬೇಕು ಎನ್ನುವ ಹೊತ್ತಿಗೆ ಅವನು ಗಲ್ಫಿನ ಕೆಲಸಕ್ಕೆ ಹೊರಟುಹೋದ. ಹೋಗುವಾಗ, "ವಾರಕ್ಕೊಂದು ಸಲ ಸ್ಟಾರ್ಟ್ ಮಾಡಿಸು. ಬ್ಯಾಟರಿ ಇಳಿದುಹೋಗುತ್ತೆ" ಎಂದು ಹೇಳಿಹೋದ. ಶುಕ್ರವಾರ ಅಲ್ಲಿ ರಜೆ, ಅಂದು ಫೋನು ಮಾಡುತ್ತಿದ್ದ. ಮೊದಲ ಪ್ರಶ್ನೆ, "ಗಾಡಿ ಹೇಗಿದೆ?" ಎರಡನೆಯ ಪ್ರಶ್ನೆ ಇರುತ್ತಿರಲಿಲ್ಲ. ಆದರೂ ಇವರು ಊರುಗೋಲು ಹಿಡಿದುಕೊಂಡು ಶೆಡ್ಡಿಗೆ ಹೋಗಿ ಸ್ಟಾರ್ಟ್ ಮಾಡುತ್ತಿದ್ದರು. ಯಾಕೆ ಮಾಡುತ್ತಿದ್ದಿರಿ ಎಂದು ಒಮ್ಮೆ ಕೇಳಿದೆ. "ಆಗ ನಾನು ಒಳ್ಳೆಯವಳಾಗಿದ್ದೆ" ಎಂದರು.

ಒಂದು ಶುಕ್ರವಾರ ಫೋನಿನ ಆ ಕಡೆ ಮಗು ಅಳುವ ಸದ್ದು ಕೇಳಿಸಿತಂತೆ.

"ಯಾರ ಮಗು?"

"ಪಕ್ಕದ ಮನೇದು."

ಮಗು ಅಪ್ಪಾ ಎಂದಿತು. ಇವರು ರಿಸೀವರು ಇಟ್ಟು, ನೆಟ್ಟಗೆ ಶೆಡ್ಡಿಗೆ ಹೋಗಿ, ಪಾನಾ ತೆಗೆದುಕೊಂಡು ಹಿಂದಿನ ಸೀಟು ಕಿತ್ತುಹಾಕಿದರು. ಅವರು ಆ ಗಾಡಿಯಿಂದ ಬಿಚ್ಚಿದ ಮೊದಲ ವಸ್ತು ಅದು. "ಇನ್ನೊಬ್ಬಳು ಅಲ್ಲಿ ಕೂರ್ಬಾರದು ಅಂತ ಅಲ್ಲ. ನಾನು ಕೂತಿದ್ನಲ್ಲ, ಅದಕ್ಕೆ."

ಬಾಕಿ ಕೆಲಸವನ್ನು ಕಲಿತದ್ದು ಗಾಡಿಯ ಜೊತೆ ಬಂದಿದ್ದ ದಪ್ಪ ಪುಸ್ತಕ ಓದಿ, ಮತ್ತೆ ಕೆಡಿಸಿ ಕೆಡಿಸಿ. ಒಮ್ಮೆ ಎಂಜಿನ್ನಿನ ಬೋಲ್ಟೊಂದು ಅರ್ಧಕ್ಕೆ ಮುರಿದು ಒಳಗೇ ಉಳಿಯಿತು. ನಾನು ಕೈಚೆಲ್ಲಿದೆ. ಅವರಿಗೆ ಅಂಥದ್ದೇ ಹಬ್ಬ. ಸಣ್ಣ ಡ್ರಿಲ್ಲು ತಂದು, ಬಾಯಿಗೆ ಹಿಡಿಯುವ ಕನ್ನಡಿಯನ್ನು ಸಿಲಿಂಡರಿನ ಹಿಂದೆ ಹಿಡಿಯಲು ನನಗೆ ಕೊಟ್ಟು, "ಬೇರು ಮುರಿದು ವಸಡಲ್ಲಿ ಉಳಿದ್ರೆ ಬಿಟ್ಟು ಕಳಿಸ್ತೀವಾ?" ಎನ್ನುತ್ತ ಮಧ್ಯಾಹ್ನವಿಡೀ ಕೂತು ತೆಗೆದರು. ಗಾಡಿಯ ಮುಂಭಾಗ ಮುಚ್ಚುವ ಕೆಂಪು ಮುಖವಾಡದ ಒಂದು ಕೊಂಡಿ ಬಿರುಕುಬಿಟ್ಟಾಗ ಕಟ್ಟುಹಲ್ಲು ಮಾಡುವ ಗುಲಾಬಿ ಬಣ್ಣದ ಅಕ್ರಿಲಿಕ್ ಕಲಸಿ ಅಂಟಿಸಿದರು. ಬಣ್ಣ ಬಳಿಯಲಿಲ್ಲ. ಕೆಂಪಿನ ಅಂಚಿನಲ್ಲಿ ಆ ಗುಲಾಬಿ ತೇಪೆ ನಿಜವಾದ ವಸಡಿನ ಹಾಗೆಯೇ ಕಾಣುತ್ತಿತ್ತು.

ಕೆಲಸ ಒಂದೊಂದೂ ಅವರ ದೇಹದ ಅಳತೆಗೆ. ಸೀಟಿನ ಸ್ಪಂಜು ಕೊಯ್ದು ತಗ್ಗಿಸಿದರು. ಹಿಂದಿನ ಸಸ್ಪೆನ್ಷನ್ ಇಳಿಸಿದರು. ಬೆನ್ನು ಬಗ್ಗಿಸಿ ಹಿಡಿಯಬೇಕಾಗಿದ್ದ ಹ್ಯಾಂಡಲ್ ತೆಗೆದು ಎತ್ತರದ್ದು ಹಾಕಿದರು. ಕೊನೆಗೆ ಎಡಗಾಲಿನ ಕಡೆ. ಆ ಪಾದದ ಕೀಲು ಮರದ ಹಾಗೆ ಬಿಗಿದುಹೋಗಿತ್ತು. ಕಾಲ್ಬೆರಳಿನಿಂದ ಗೇರನ್ನು ಮೇಲಕ್ಕೆ ಎತ್ತಲು ಆಗುತ್ತಿರಲಿಲ್ಲ. ಪ್ರಿಸ್ಕ್ರಿಪ್ಷನ್ ಚೀಟಿಯಲ್ಲಿ ಚಿತ್ರ ಬರೆದುಕೊಂಡು ಜೋಗುಪಾಳ್ಯದ ಲೇತ್ ಅಂಗಡಿಗೆ ಹೋದರು. ಎಡಗಡೆಯ ಫುಟ್‌ರೆಸ್ಟು ಬಲಗಡೆಗಿಂತ ಮೇಲೆ ಬರುವಂತೆ ಬ್ರಾಕೆಟ್ಟು, ಮುಂದೆ ಒಮ್ಮೆ ಹಿಂದೆ ಒಮ್ಮೆ ತುಳಿಯುವಂಥ ಗೇರ್ ಲಿವರು ಮಾಡಿಸಿದರು. ಅದರಲ್ಲಿ ಗೇರಿನ ಕ್ರಮವೂ ತಿರುವುಮುರುವಾಯಿತು. ಕಂಪನಿಯವರು ಮೇಲಕ್ಕೆ ಎಂದು ಇಟ್ಟದ್ದು ಇಲ್ಲಿ ಕೆಳಕ್ಕೆ.

"ಇದರ ದೆಸೆಯಿಂದ ಮುರಿದ ಕಾಲು. ಈಗ ಆ ಕಾಲಿನ ಅಳತೆಗೆ ಇದೇ ಬಗ್ಗಬೇಕು" ಎಂದರು.

ಅವರು ಅದನ್ನು ಹೊರಗೆ ತೆಗೆದ ದಿನ ಬೀದಿಯವರೆಲ್ಲ ಗೇಟಿಗೆ ಬಂದರು. ಕುಂಟುತ್ತ ನಡೆಯುವ ಹೆಂಗಸು ಗಾಡಿ ಹತ್ತಿದ ಮೇಲೆ ಕುಂಟಲಿಲ್ಲ. ಅಷ್ಟೇ. ಬೇರೆ ವರ್ಣನೆ ಮಾಡಿದರೆ ಅವರು ನನ್ನನ್ನು ಬೈಯುತ್ತಿದ್ದರು.

ಅವನು ಮರಳಿ ಬಂದದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. ಅಷ್ಟರಲ್ಲಿ ವಿಚ್ಛೇದನವಾಗಿತ್ತು. ಅಲ್ಲಿ ಕಟ್ಟಿಕೊಂಡ ಸಂಸಾರವೂ ಮುರಿದಿದೆ, ಇಂದಿರಾನಗರದಲ್ಲಿ ಫ್ಲ್ಯಾಟು ಮಾಡಿ ಒಬ್ಬನೇ ಇದ್ದಾನೆ ಎಂಬ ಸುದ್ದಿ ನಮಗೆ ಮುಟ್ಟಿತ್ತು. ಒಂದು ಬೆಳಿಗ್ಗೆ ಗೇಟು ತೆಗೆದು ಬಂದ. ಎತ್ತರದ ಆಳು, ಚೆಂದದ ನಗು, ಕೈಯಲ್ಲಿ ವಿದೇಶಿ ಚಾಕೊಲೇಟಿನ ಡಬ್ಬಿ. ನನ್ನನ್ನು ನೋಡಿ, "ಹಲೋ ಸಿಸ್ಟರ್" ಎಂದ. ಡಬ್ಬಿಯನ್ನು ನನ್ನ ಕೈಗೇ ಕೊಟ್ಟ. ಡಾಕ್ಟರಮ್ಮ ಕ್ಲಿನಿಕ್ಕಿನಿಂದ ಹೊರಗೆ ಬಂದರು.

"ಗಾಡಿ ಹೇಗಿದೆ?" ಎಂದ.

ನಾನು ಅವರ ಮುಖ ನೋಡಿದೆ. ಏನೂ ಕಾಣಲಿಲ್ಲ. "ಬಾ, ನೋಡು" ಎಂದು ಶೆಡ್ಡಿಗೆ ಕರೆದುಕೊಂಡು ಹೋದರು.

ಅವನು ಹೊದಿಕೆ ಸರಿಸಿ ಗಾಡಿಯನ್ನು ಒಂದು ಸುತ್ತು ಬಂದ. ಆಮೇಲೆ ಹತ್ತಿ ಕೂತ. ಮೊಣಕಾಲು ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಅವನು ಅತ್ತ ಇತ್ತ ಸರಿದು ನೋಡಿದ. ಎಡಪಾದವನ್ನು ನೋಡಿದ, ಆಮೇಲೆ ಪಕ್ಕದಲ್ಲಿ ವಾಲಿಕೊಂಡು ನಿಂತಿದ್ದವರ ಎಡಗಾಲನ್ನು ನೋಡಿದ. ಅರ್ಥವಾಯಿತು ಎಂದು ನನಗನ್ನಿಸಿತು. ಏನಾದರೂ ಹೇಳುತ್ತಾನೆ ಎಂದುಕೊಂಡೆ. ಅವನ ಬೆರಳು ಗುಲಾಬಿ ತೇಪೆಯ ಮೇಲೆ ಹೋಗಿ ನಿಂತಿತು.

"ಏನಿದು ಪಿಂಕು?"

"ವಸಡು."

"ಹಾಳು ಮಾಡಿದ್ದೀಯಲ್ಲೇ! ಇಂಥ ಗಾಡೀನ ಯಾರಾದ್ರೂ ಮುಟ್ತಾರಾ? ರೆಕಾರ್ಡಲ್ಲಿ ನನ್ನ ಹೆಸರಿದೆ. ನಾನು ಬಿಟ್ಟು ಹೋದಾಗ ಏನೇನಿತ್ತೋ ಎಲ್ಲಾ ನಂಗೆ ವಾಪಸ್ ಬೇಕು. ಒಂದು ಸ್ಕ್ರೂ ಕಮ್ಮಿ ಇದ್ರೂ ನಾನು ಸುಮ್ನೆ ಇರಲ್ಲ."

"ಎಲ್ಲಾ ಕೊಡ್ತೀನಿ. ಮುಂದಿನ ತಿಂಗಳು ಟೆಂಪೋ ತಗೊಂಡು ಬಾ" ಎಂದರು. ಧ್ವನಿಯಲ್ಲಿ ಕೋಪವೇ ಇಲ್ಲ. ರೋಗಿಗೆ ಮುಂದಿನ ಅಪಾಯಿಂಟ್‌ಮೆಂಟು ಕೊಟ್ಟ ಹಾಗೆ.

ಆ ತಿಂಗಳು ಅವರು ದಿನಾ ಕ್ಲಿನಿಕ್ಕು ಮುಗಿಸಿ ಶೆಡ್ಡಿನಲ್ಲಿ ಕೂತರು. ತಮ್ಮ ಬ್ರಾಕೆಟ್ಟು, ತಮ್ಮ ಲಿವರು, ತಮ್ಮ ಹ್ಯಾಂಡಲ್ ಬಿಚ್ಚಿ ಒಳಕೋಣೆಯಲ್ಲಿಟ್ಟರು. ಜೋಪಾನ ಮಾಡಿದ್ದ ಕಂಪನಿಯ ಭಾಗಗಳನ್ನೆಲ್ಲ ಹೊರಗೆ ತೆಗೆದರು. ಜೋಡಿಸುತ್ತಾರೆ ಎಂದು ನಾನು ಕಾದೆ. ಜೋಡಿಸಲಿಲ್ಲ, ಉಳಿದದ್ದನ್ನೂ ಬಿಚ್ಚುತ್ತ ಹೋದರು. ಎಂಜಿನ್ನು ಇಳಿಸಿದರು, ಸಿಲಿಂಡರು ತೆಗೆದರು. ಪ್ರತಿಯೊಂದನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹಳೆಯ ಸೀರೆಯ ಬಟ್ಟೆಯಲ್ಲಿ ಸುತ್ತಿದರು. ಆ ಎಂಜಿನ್ನಿನ ವಾಲ್ವುಗಳಿಗೆ ಗುಂಡಿಯಂಥ ಸಣ್ಣ ಬಿಲ್ಲೆಗಳು ಕೂರುತ್ತವೆ. ನೋಡಲು ಎಲ್ಲ ಒಂದೇ, ಆದರೆ ದಪ್ಪದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಒಂದರ ಜಾಗದಲ್ಲಿ ಇನ್ನೊಂದು ಕೂತರೆ ಎಂಜಿನ್ನು ಹಾಳು. ಮೊದಲೆಲ್ಲ ಅವನ್ನು ತೆಗೆದಾಗ ಒಂದೊಂದಕ್ಕೂ ಚೀಟಿ ಕಟ್ಟಿ ಬೇರೆ ಬೇರೆ ಇಡುತ್ತಿದ್ದರು. ಈ ಸಲ ಎಲ್ಲವನ್ನೂ ಒಂದು ಮಾತ್ರೆ ಡಬ್ಬಿಗೆ ಸುರಿದು, ಮುಚ್ಚಳ ಹಾಕಿ, ಚೆನ್ನಾಗಿ ಕುಲುಕಿದರು.

"ಬ್ಯಾಡ್ರಿ ಡಾಕ್ಟ್ರೇ, ಗಾಡಿ ಪಾಪ ಏನ್ ಮಾಡ್ಯದ?" ಎಂದುಬಿಟ್ಟೆ.

"ಗಾಡಿಗೆ ನಾನೇನೂ ಮಾಡ್ತಿಲ್ಲ. ಒಂದು ಗೀಟು ಬಿದ್ದಿಲ್ಲ ನೋಡು" ಎಂದರು. ನಿಜ, ಬಿದ್ದಿರಲಿಲ್ಲ.

ಟೆಂಪೋ ಬಂತು. ಅವನು ಶೆಡ್ಡಿಗೆ ಕಾಲಿಟ್ಟರೆ ಮೋಟಾರು ಸೈಕಲ್ಲಿಲ್ಲ. ಗೋಡೆಗೆ ಒರಗಿಸಿದ ಚೌಕಟ್ಟು, ಎರಡು ಚಕ್ರ, ಕೆಂಪು ಟ್ಯಾಂಕು, ಮತ್ತೆ ಸಾಲಾಗಿ ಚಪ್ಪಲಿ ಡಬ್ಬಿಗಳು.

"ಏನಿದು?"

"ಏನೇನಿತ್ತೋ ಎಲ್ಲಾ ಬೇಕು ಅಂದ್ಯಲ್ಲ. ಒಂದು ಸ್ಕ್ರೂನೂ ಕಮ್ಮಿ ಇಲ್ಲ. ನೋಡ್ಕೊ."

"ಇದನ್ನ ಯಾರು ಜೋಡಿಸ್ತಾರೆ?"

"ನಾನು ಕೀಳೋ ಡಾಕ್ಟ್ರು. ಕಟ್ಟೋಕೆ ಬೇರೆಯವರನ್ನ ನೋಡ್ಕೊ."

ಅವನು ಕೂಗಾಡಿದ. ಇಂಗ್ಲಿಷಿನಲ್ಲಿ, ತಮಿಳಿನಲ್ಲಿ. ಇವರು ಬಾಗಿಲ ಚೌಕಟ್ಟಿಗೆ ಒರಗಿ ಪೂರ್ತಿ ಕೇಳಿಸಿಕೊಂಡರು. ಡಬ್ಬಿಗಳನ್ನು ಟೆಂಪೋಗೆ ಹಾಕುವಾಗ ಮಾತ್ರ, "ನಿಧಾನ, ಅದು ಇಟಲಿ ಮಾಲು" ಎಂದು ಕೂಲಿಯವರಿಗೆ ಎಚ್ಚರಿಸಿದರು.

ಇಂದಿರಾನಗರದ ದೊಡ್ಡ ಗ್ಯಾರೇಜೊಂದು ಆ ಕೆಲಸ ಹಿಡಿಯಿತಂತೆ. ಗ್ಯಾರೇಜಿನವರು ಬಿಲ್ಲೆಗಳನ್ನು ಅಂದಾಜಿನ ಮೇಲೆ ಕೂರಿಸಿ ಸ್ಟಾರ್ಟ್ ಮಾಡಿದರು. ಒಳಗೆ ಏನೋ ಕಡಕ್ ಎಂದಿತು, ಎಂಜಿನ್ನು ಹಿಡಿದುಕೊಂಡಿತು. ಗಾಡಿ ಅವನ ಫ್ಲ್ಯಾಟಿನ ನೆಲಮಾಳಿಗೆಯಲ್ಲಿ ಧೂಳು ತಿನ್ನುತ್ತ ಬಿತ್ತು. ಡಾಕ್ಟರಮ್ಮನಿಗೆ ಈ ಸುದ್ದಿಯೆಲ್ಲ ಬರುತ್ತಿದ್ದದ್ದು ಶಿವಾಜಿನಗರದ ಒಬ್ಬ ಗುಜರಿ ಅಂಗಡಿಯವರಿಂದ. ವಯಸ್ಸಾದ ಮನುಷ್ಯ, ಅವರ ಬಾಯಿಯ ಹಲ್ಲಿನ ಸೆಟ್ಟು ಇವರದೇ ಕೆಲಸ. ಬೇರಿಂಗು, ಬೋಲ್ಟು ಬೇಕಾದಾಗ ಇವರು ಹೋಗುತ್ತಿದ್ದದ್ದೂ ಅಲ್ಲಿಗೇ. ಒಂದು ದಿನ ಅವರೇ ಕ್ಲಿನಿಕ್ಕಿಗೆ ಬಂದರು.

"ಡಾಕ್ಟರಮ್ಮಾ, ಆಪ್ ಕಾ ಗಾಡಿ ಹಮಾರೆ ದುಕಾನ್ ಕೋ ಆಗಯಾ. ಸಾಹೇಬ್ರೇ ಬಂದು ಕಾಗದಕ್ಕೆ ಸೈನ್ ಹಾಕಿ ಮಾರ್ಬಿಟ್ಟು ಹೋದ್ರು. ಸ್ಕ್ರ್ಯಾಪು ಅಂತ ಹೇಳಿದ್ರು."

ಡಾಕ್ಟರಮ್ಮ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದ ರೋಗಿಗೆ ಹತ್ತಿ ಕಚ್ಚಿಸಿ, "ಹತ್ತು ನಿಮಿಷ ಕಚ್ಕೊಂಡಿರಿ" ಎಂದು ಹೇಳಿ ಗುಜರಿಯವರ ಹಿಂದೆಯೇ ಹೊರಟುಬಿಟ್ಟರು. ಮರಳಿ ಬಂದದ್ದು ಮಧ್ಯಾಹ್ನದ ಮೇಲೆ. ಆ ರೋಗಿಗೆ ಆದ ಗತಿಯನ್ನು ಇಡೀ ಬೀದಿ ಬಹಳ ದಿನ ಆಡಿಕೊಂಡಿತು.

ಗುಜರಿಯವರಿಂದ ಕೊಂಡದ್ದರಿಂದ ಈಗ ಗಾಡಿ ಡಾಕ್ಟರಮ್ಮನ ಹೆಸರಿಗೆ. ಬಾಗಿದ ವಾಲ್ವುಗಳನ್ನು ಬದಲಿಸಲು ಹೊರದೇಶದಿಂದ ಸಾಮಾನು ತರಿಸಿ, ಪ್ರತಿ ಬಿಲ್ಲೆಯನ್ನೂ ಅಳೆದು, ಮತ್ತೆ ಕಟ್ಟಿದರು. ವರ್ಷದ ಮೇಲೆ ಹಿಡಿಯಿತು. ಒಳಕೋಣೆಯ ಬ್ರಾಕೆಟ್ಟು, ಲಿವರು ಮತ್ತೆ ತಮ್ಮ ಜಾಗಕ್ಕೆ ಬಂದವು. ಆಮೇಲೆ ಶುರುವಾದದ್ದು ಭಾನುವಾರದ ಸವಾರಿ. ಬೆಳಿಗ್ಗೆ ಕಾಫಿಯ ಹೊತ್ತಿಗೆ ಹೊರಟು, ಹಲಸೂರು ದಾಟಿ, ಇಂದಿರಾನಗರದಲ್ಲಿ ಅವನ ಮನೆಯಿದ್ದ ರಸ್ತೆಗೆ ತಿರುಗಿ, ಅವನ ಬಾಲ್ಕನಿಯ ಕೆಳಗೆ ಗಾಡಿ ನಿಲ್ಲಿಸುವುದು. ಎಂಜಿನ್ನು ಆರಿಸುವುದಿಲ್ಲ. ಆ ಕ್ಲಚ್ಚಿನ ಗಲಗಲ ಸದ್ದು ಎರಡೂ ಬದಿಯ ಗೋಡೆಗೆ ಬಡಿದು ಮೇಲೇರುತ್ತಿತ್ತು. ಎರಡು ಸಲ ಆಕ್ಸಿಲರೇಟರು ಜೋರಾಗಿ ಎಳೆದು ಹೊರಟುಬಿಡುವುದು. ತಲೆ ಎತ್ತಿ ನೋಡುತ್ತಿರಲಿಲ್ಲ. ಜ್ವರ ಬಂದರೂ ತಪ್ಪಿಸಲಿಲ್ಲ. ಅವನು ಮೊದಮೊದಲು ಬಾಲ್ಕನಿಗೆ ಬರುತ್ತಿದ್ದ, ಆಮೇಲೆ ಕಿಟಕಿ ಮುಚ್ಚಿಕೊಳ್ಳತೊಡಗಿದ.

"ಇನ್ನು ಎಷ್ಟು ದಿನ ಹಿಂಗ ಡಾಕ್ಟ್ರೇ?" ಎಂದು ಕೇಳಿದೆ.

"ಪೆಟ್ರೋಲ್ ಸಿಗೋವರೆಗೆ."

"ಅವನೇ ಒಂದಿನ ಹಲ್ಲುನೋವು ಅಂತ ನಿಮ್ಮ ಹತ್ರ ಬಂದ್ರ?"

"ಬಂದ್ರೆ ಚೆನ್ನಾಗಿಯೇ ಮಾಡ್ತೀನಿ, ಒಂಚೂರೂ ನೋಯಿಸಲ್ಲ. ಅದು ಕೆಲಸ. ಸೇಡು ಬೇರೆ ಡಿಪಾರ್ಟ್‌ಮೆಂಟು."

ಅವನು ಬಂದ. ಹಲ್ಲುನೋವಿಗಲ್ಲ. ಒಂದು ಭಾನುವಾರ ಇವರು ಹೊರಡಲು ಗಾಡಿಯನ್ನು ಗೇಟಿನ ಹೊರಗೆ ತಂದು ನಿಲ್ಲಿಸಿದ್ದರು; ಆಟೋದಿಂದ ಇಳಿದ. ಕೂದಲು ಪೂರ್ತಿ ನೆರೆದಿತ್ತು, ನಗು ಹಾಗೆಯೇ ಇತ್ತು. ಈ ಸಲ ಚಾಕೊಲೇಟು ಇರಲಿಲ್ಲ.

"ನೀನೇ ದಿನಾ... ವಾರ ವಾರ ಬರೋದು ಬೇಡ ಅಂತ ನಾನೇ ಬಂದೆ" ಎಂದ. ಆಮೇಲೆ ಗಾಡಿಯ ಕಡೆ ತಿರುಗಿದ. ಅದರ ಸದ್ದನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡ. ಅವನ ಕಣ್ಣು ತುಂಬಿದ್ದನ್ನು ನಾನು ನೋಡಿದೆ. "ಒಂದು ರೌಂಡು. ಒಂದೇ ಒಂದು ರೌಂಡು ಕೊಡು. ಆಮೇಲೆ ಕೇಳಲ್ಲ."

ಡಾಕ್ಟರಮ್ಮ ಅವನನ್ನು ನೋಡಿದರು. ಗಾಡಿಯಿಂದ ಇಳಿದು ಹ್ಯಾಂಡಲನ್ನು ಅವನ ಕೈಗೆ ಕೊಟ್ಟರು.

ಅವನು ಹತ್ತಿದ. ಮೊದಲು ಗೇರು ಹಾಕುವಾಗಲೇ ಗಾಡಿ ಮುಗ್ಗರಿಸಿತು, ನಕ್ಕು ಸರಿಮಾಡಿಕೊಂಡ. ಬೀದಿಯ ಕೊನೆಯವರೆಗೆ ಚೆನ್ನಾಗಿಯೇ ಹೋದ. ಅಲ್ಲಿ ಮೇಲಿನ ಗೇರೆಂದು ತುಳಿದದ್ದು ಕೆಳಗಿನ ಗೇರಿಗೆ ಬಿತ್ತು. ಹಿಂದಿನ ಚಕ್ರ ಗಕ್ಕನೆ ಹಿಡಿದು, ಗಾಡಿ ಅಡ್ಡ ತಿರುಗಿ, ಅವನನ್ನು ಹೊತ್ತುಕೊಂಡೇ ಬಲಮಗ್ಗುಲಿಗೆ ಬಿತ್ತು.

ನಾವಿಬ್ಬರೂ ಹೋದೆವು. ನಾನು ಓಡಿದೆ, ಅವರು ತಮ್ಮ ನಡಿಗೆಯಲ್ಲೇ ಬಂದರು. ಅವನು ಬಲ ಮುಂಗೈ ಹಿಡಿದುಕೊಂಡು ರಸ್ತೆಯಲ್ಲಿ ಕೂತಿದ್ದ, ಮುಖ ಬಿಳುಚಿತ್ತು. ಡಾಕ್ಟರಮ್ಮ ಅವನನ್ನು ಬಳಸಿಕೊಂಡು ಮುಂದೆ ಹೋದರು. ಪೆಟ್ರೋಲಿನ ನಲ್ಲಿ ಮುಚ್ಚಿದರು. ನನ್ನನ್ನು ಕರೆದು ಇಬ್ಬರೂ ಸೇರಿ ಗಾಡಿ ಎತ್ತಿ ನಿಲ್ಲಿಸಿದೆವು. ಆಮೇಲೆ ಅವರು ಬಗ್ಗಿ ಟ್ಯಾಂಕು ನೋಡಿದರು, ಸೈಲೆನ್ಸರು ನೋಡಿದರು, ಫುಟ್‌ರೆಸ್ಟು ಅಲ್ಲಾಡಿಸಿ ನೋಡಿದರು. ಯಾವುದಕ್ಕೂ ಅವಸರ ಮಾಡಲಿಲ್ಲ. ಅವನು ನೋಡುತ್ತಲೇ ಇದ್ದ. ಅವರ ಬೆನ್ನು ಅವನ ಕಡೆಗಿತ್ತು. ಅಷ್ಟು ಹೊತ್ತೂ ಒಮ್ಮೆಯೂ ತಿರುಗಲಿಲ್ಲ.

"ಗೇರು ಉಲ್ಟಾ ಅಂತ ಹೇಳಬೇಕಿತ್ತಲ್ರೀ" ಎಂದು ನಾನು ಪಿಸುಗುಟ್ಟಿದೆ.

"ಕೇಳ್ಲಿಲ್ಲ ಅವನು." ಆಮೇಲೆ ಗಾಡಿ ಹತ್ತುತ್ತ, "ಅವನಿಗೆ ಒಂದು ಆಟೋ ಹಿಡಿದು ಆಸ್ಪತ್ರೆಗೆ ಕರ್ಕೊಂಡು ಹೋಗು. ನನಗೆ ಅವನು ಅಷ್ಟೂ ಮಾಡಿರ್ಲಿಲ್ಲ. ಒಂದು ಆಟೋದಷ್ಟು ನಾನು ಮೇಲು" ಎಂದು ಹೇಳಿ ಮನೆಯ ಕಡೆ ಹೊರಟುಹೋದರು.

ಆಟೋದಲ್ಲಿ ಅವನ ಪಕ್ಕ ಕೂತಾಗ ನನಗೆ ಕನಿಕರ ಬರಬೇಕಾಗಿತ್ತು. ಬರಲಿಲ್ಲ, ಸುಳ್ಳು ಹೇಳುವುದಿಲ್ಲ. ಮುಂಗೈ ಊದಿ ನೀಲಿಯಾಗುತ್ತಿತ್ತು. ನೋವಿಗೆ ಹಲ್ಲು ಕಚ್ಚಿಕೊಂಡಿದ್ದ. ಶಿವಾಜಿನಗರ ಬಸ್ ಸ್ಟ್ಯಾಂಡಿನ ಹತ್ತಿರ ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ನನ್ನ ಕಡೆ ತಿರುಗಿ ಕೇಳಿದ:

"ಸಿಸ್ಟರ್, ಗಾಡಿಗೆ ಜಾಸ್ತಿ ಏಟಾಯ್ತಾ?"

ಮನೆಗೆ ಬಂದು ಇದನ್ನು ಹೇಳಿದೆ. ಡಾಕ್ಟರಮ್ಮ ಮೊದಲು ನಂಬಲಿಲ್ಲ. "ಕೈ ಮುರ್ಕೊಂಡು ಕೂತು ಅದನ್ನ ಕೇಳಿದ್ನಾ?" ಎಂದರು. ಆಮೇಲೆ ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು, ಶೆಡ್ಡಿನ ಗೋಡೆ ಹಿಡಿದುಕೊಳ್ಳುವಷ್ಟು ನಕ್ಕರು. ನಗುತ್ತಿದ್ದವರು ಇದ್ದಕ್ಕಿದ್ದ ಹಾಗೆ ನಿಲ್ಲಿಸಿಬಿಟ್ಟರು.

"ಅಂದ್ರೆ ಅವತ್ತು ಮರಳಲ್ಲಿ ಬಿದ್ದಾಗ ನನ್ನ ಮೇಲೆ ಅವನಿಗೆ ಸಿಟ್ಟೂ ಇರ್ಲಿಲ್ಲ, ಏನೂ ಇರ್ಲಿಲ್ಲ. ಅವನ ಕೈಯೇ ಅವನಿಗೆ ಕಾಣಲ್ಲ, ಇನ್ನು ನನ್ನ ಕಾಲು ಎಲ್ಲಿ ಕಾಣ್ಬೇಕು" ಎಂದರು. ಇದಕ್ಕಾಗಿ ಅವನನ್ನು ಮೊದಲಿಗಿಂತ ಹೆಚ್ಚು ದ್ವೇಷಿಸಿದರು ಎಂದೇ ನನಗನ್ನಿಸುತ್ತದೆ. ಆಮೇಲೆ ಅವನ ಹೆಸರನ್ನು ಅವರ ಬಾಯಲ್ಲಿ ನಾನು ಕೇಳಲಿಲ್ಲ. ಅವನು ಫೋನು ಮಾಡಿದರೆ ರಿಸೀವರನ್ನು ಮೇಜಿನ ಮೇಲಿಟ್ಟು ರೋಗಿಗಳನ್ನು ನೋಡಲು ಹೋಗುತ್ತಿದ್ದರು. ಅವನು ಅಲ್ಲಿಂದಲೇ ಡ್ರಿಲ್ಲಿನ ಸದ್ದು ಕೇಳಿಕೊಳ್ಳಬೇಕಾಗಿತ್ತು.

ಮುಂದಿನ ಭಾನುವಾರ ಅವರು ಇಂದಿರಾನಗರಕ್ಕೆ ತಿರುಗಲಿಲ್ಲ. ಎಲ್ಲಿಗೆ ಎಂದು ನನಗೂ ಹೇಳದೆ ಹೊರಟಿದ್ದರು. ಮಧ್ಯಾಹ್ನ ಊಟ ಆರಿಹೋದ ಮೇಲೆ ಬಂದರು. ಕೋಲಾರದ ತನಕ ಹೋಗಿದ್ದರಂತೆ, ದಾರಿಯಲ್ಲಿ ಎಳನೀರು ಕುಡಿದರಂತೆ. ಮುಖ ಬಿಸಿಲಿಗೆ ಕೆಂಪಾಗಿತ್ತು. ಗಾಡಿ ಸ್ಟ್ಯಾಂಡಿಗೆ ಹಾಕಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, ಹುಬ್ಬುಗಂಟಿಕ್ಕಿ ಸೀಟನ್ನೇ ನೋಡುತ್ತ ನಿಂತರು.

"ಏನಾಯ್ತ್ರಿ ಡಾಕ್ಟ್ರೇ?"

"ಇಷ್ಟು ವರ್ಷ ಇದರ ಮೇಲೆ ಕೂತಿದ್ದೀನಿ, ಈ ಸೀಟು ಇಷ್ಟು ಗಟ್ಟಿ ಅಂತ ಗೊತ್ತೇ ಆಗಿರ್ಲಿಲ್ಲ ನೋಡು" ಎಂದು ಸೀಟಿಗೆ ಹೊಸ ಸ್ಪಂಜು ಕೊಯ್ದು ಹಾಕಲು ಚಾಕು ಕೇಳಿದರು.